ಉಪಕಥೆಯನ್ನು ಯಾರು ಕೇಳಬೇಕು?

ಕಥೆ ಕೇಳುವವರಲ್ಲಿ ಎರಡು ಪಂಗಡ. ಮುಖ್ಯ ಕಥೆ ಮುಗಿದೊಡನೆ ಕಂಬಳಿ ಕೊಡವಿ ಏಳುವವರದು ಒಂದು; “ಅದಿರಲಿ, ಆ ಮುದುಕಿ ಮುಂದ ಏನಾದಳು?” ಎಂದು ಕುಳಿತಲ್ಲಿಂದ ಕದಲದೆ ಕೇಳುವವರದು ಇನ್ನೊಂದು. ನಮ್ಮ ಮಹಾಭಾರತ ಈ ಎರಡನೆಯ ಪಂಗಡದವರ ಕಾಟದಿಂದಲೆ ಅಷ್ಟು ದೊಡ್ಡದಾಗಿ ಬೆಳೆಯಿತೋ ಏನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಪಾಂಡವರು ಕಾಡಿನಲ್ಲಿ ಅಲೆಯುತ್ತಿರುವಾಗ ನಳನ ಕಥೆ ಬರುತ್ತದೆ, ಸಾವಿತ್ರಿಯ ಕಥೆ ಬರುತ್ತದೆ, ಮಾಂಸ ಮಾರುವ ಧರ್ಮವ್ಯಾಧನ ಕಥೆ ಬರುತ್ತದೆ. ಇವನ್ನು ತೆಗೆದುಹಾಕಿದರೆ ಕುರುಕ್ಷೇತ್ರದ ಯುದ್ಧವೇನೂ ನಿಲ್ಲುವುದಿಲ್ಲ. ಹದಿನೆಂಟು ದಿನದಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಆದರೆ ಧರ್ಮವ್ಯಾಧನನ್ನು ಕೇಳಿದವನು ಮರುದಿನ ಪೇಟೆಯಲ್ಲಿ ಕಟುಕರ ಅಂಗಡಿಯ ಮುಂದೆ ಹಾಯುವಾಗ ಹಿಂದಿನ ದಿನದ ಹಾಗೆ ಮೂಗು ಮುಚ್ಚಿಕೊಂಡು ಹಾಯಲಾರ. ಉಪಕಥೆಯ ಕೆಲಸ ಅಷ್ಟೆ. ಅದು ಕಥೆಯನ್ನು ಮುಂದಕ್ಕೆ ಒಯ್ಯುವುದಿಲ್ಲ. ಕೇಳುವವನನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿ ನಿಲ್ಲಿಸುತ್ತದೆ.

ನಮ್ಮ ಕಾಲದಲ್ಲಿ ಈ ಉಪಕಥೆಗೆ ಒಂದು ಹೊಸ ಠಾವು ದೊರೆತಿದೆ. ದೂರದರ್ಶನದ ಧಾರಾವಾಹಿಗಳಿಗೆ, ಅದರಲ್ಲಿಯೂ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳಿಗೆ, ಅಂತರ್ಜಾಲದಲ್ಲಿ ಮಾತ್ರ ನೋಡಸಿಗುವ ಪುಟ್ಟ ಪುಟ್ಟ ಕಂತುಗಳನ್ನು ಜೊತೆಗೂಡಿಸುವ ಪದ್ಧತಿ 2006ರ ಸುಮಾರಿಗೆ ಬಲಗೊಂಡಿತು. ಆ ವರ್ಷ ಬ್ರಿಟನ್ನಿನ ಬಿಬಿಸಿಯವರು ತಮ್ಮ ‘ಡಾಕ್ಟರ್ ಹೂ’ ಧಾರಾವಾಹಿಗೆ 13 ತುಣುಕುಗಳನ್ನು ಮಾಡಿ ಮೊಬೈಲಿಗೂ ಜಾಲತಾಣಕ್ಕೂ ಬಿಟ್ಟರು. ಒಂದೊಂದು ಸುಮಾರು ಒಂದು ನಿಮಿಷದ್ದು. ನಮ್ಮ ನೆರೆಯ ತೆಲುಗಿನವರು ‘ಕಲ್ಕಿ 2898 ಎ.ಡಿ.’ ಎಂಬ ಚಿತ್ರವನ್ನು 2024ರ ಜೂನ್ 27ರಂದು ತೆರೆಗೆ ತರುವ ಮೊದಲು, ಮೇ 31ರಂದು, ‘ಬುಜ್ಜಿ ಮತ್ತು ಭೈರವ’ ಎಂಬ ಎರಡು ಕಂತಿನ ಚಲಿಸುವ ಚಿತ್ರಗಳ ಕಥೆಯನ್ನು ಅಂತರ್ಜಾಲದಲ್ಲಿ ತೋರಿಸಿದರು. ಇವೆಲ್ಲ ಊಟಕ್ಕೆ ಮುಂಚಿನ ಉಪ್ಪಿನಕಾಯಿಯಂತೆ, ನಾಲಗೆಗೆ ನೀರೂರಿಸುವುದಕ್ಕಾಗಿ. ಆದರೆ ಇದೇ ಬಗೆಯಲ್ಲಿ ಬಂದ ಒಂದೆರಡು ಕೃತಿಗಳು ಉಪ್ಪಿನಕಾಯಿಯಾಗಿ ಉಳಿಯದೆ ಗಂಟಲಲ್ಲಿ ಮುಳ್ಳಾಗಿ ನಿಂತಿವೆ. ಅವುಗಳ ವಿಚಾರ ಹೇಳಬೇಕೆಂದೇ ನಾನು ಈ ಲೇಖನಕ್ಕೆ ಕೈಯಿಕ್ಕಿದುದು.

‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಅಮೆರಿಕದ ಧಾರಾವಾಹಿಯನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. 1978ರಲ್ಲಿ ಒಮ್ಮೆ ಬಂದು ಹೋದ ಕಥೆಯನ್ನು ರೊನಾಲ್ಡ್ ಮೂರ್ ಎಂಬವರು ಹೊಸದಾಗಿ ಕಟ್ಟಿ 2003ರ ಕೊನೆಯಿಂದ 2009ರವರೆಗೆ ನಡೆಸಿದರು. ಮನುಷ್ಯರು ತಾವೇ ಮಾಡಿದ ಯಂತ್ರಗಳಿಗೆ, ಅಂದರೆ ಸೈಲಾನರಿಗೆ, ಸೋತು, ಹನ್ನೆರಡು ಲೋಕಗಳನ್ನು ಕಳೆದುಕೊಂಡು, ಸುಮಾರು 50,000 ಮಂದಿ ಮಾತ್ರ ಹಡಗುಗಳಲ್ಲಿ ಅಲೆಯುತ್ತಾರೆ. ಸೈಲಾನರಲ್ಲಿ ಕೆಲವರು ನೋಡಲು ಥೇಟು ಮನುಷ್ಯರೆ. ಅಲೆದು ಬೇಸತ್ತ ಜನ ನ್ಯೂ ಕ್ಯಾಪ್ರಿಕಾ ಎಂಬ ಬಡಕಲು ನೆಲದಲ್ಲಿ ಗುಡಾರ ಹೊಡೆದು ನಿಲ್ಲುತ್ತಾರೆ. ಒಂದು ವರ್ಷ ಕಳೆಯುವಷ್ಟರಲ್ಲಿ ಸೈಲಾನರು ಅಲ್ಲಿಗೂ ಬಂದು ಆಳತೊಡಗುತ್ತಾರೆ. ಆಳುವವರಿಗೆ ಪೊಲೀಸರು ಬೇಕಲ್ಲವೆ? ಮನುಷ್ಯರಲ್ಲಿಯೆ ಕೆಲವರು ಮುಖಕ್ಕೆ ಮುಸುಕು ಹಾಕಿಕೊಂಡು ಆ ಕೆಲಸಕ್ಕೆ ಸೇರುತ್ತಾರೆ. ಮಿಕ್ಕವರಲ್ಲಿ ಕೆಲವರು ಗುಟ್ಟಾಗಿ ಬಂಡು ಹೂಡುತ್ತಾರೆ. ಆಕಾಶದ ಕಥೆಯಾದರೂ ನೆಲದ ಕಥೆ ಇದು. ಪರಕೀಯರು ಆಳಿದ ನಾಡಿನ ಯಾವ ಊರಿಗಾದರೂ ಹೊಂದುತ್ತದೆ.

ಈ ಧಾರಾವಾಹಿಯ ಮೂರನೆಯ ಭಾಗ 2006ರ ಅಕ್ಟೋಬರ್ 6ರಂದು ಆರಂಭವಾಯಿತು. ಅದಕ್ಕೆ ಮೊದಲು, ಸೆಪ್ಟೆಂಬರ್ 5ರಿಂದ ಅಕ್ಟೋಬರ್ 5ರವರೆಗೆ, ‘ದಿ ರೆಸಿಸ್ಟೆನ್ಸ್’ ಎಂಬ ಹೆಸರಿನಲ್ಲಿ ಹತ್ತು ಕಿರುಕಂತುಗಳು ಅಂತರ್ಜಾಲದಲ್ಲಿ ಬಂದವು. ಬರೆದವರು ಬ್ರ್ಯಾಡ್ಲಿ ಥಾಮ್ಸನ್ ಮತ್ತು ಡೇವಿಡ್ ವೆಡ್ಲ್. ಒಂದೊಂದು ಕಂತೂ ಚಹ ಆರುವುದರೊಳಗೆ ಮುಗಿಯುವಂಥದು. ಹತ್ತನ್ನೂ ಕೂಡಿಸಿದರೆ ಅರ್ಧ ತಾಸು ಆದೀತು. ಅದರಲ್ಲಿ ಇಬ್ಬರು ಗೆಳೆಯರ ಕಥೆಯಿದೆ. ಇಬ್ಬರೂ ದೊಡ್ಡ ಕಥೆಯಲ್ಲಿ ಮೂಲೆಯಲ್ಲಿ ನಿಲ್ಲುವವರು. ಡಕ್ ಎಂಬವನು ಹೆಂಡತಿ ನೋರಾಳೊಡನೆ ಸಂಸಾರ ಹೂಡಿದವನು. ಬಂಡಾಯ ಬೇಡ ಎನ್ನುವವನು. ಜ್ಯಾಮರ್ ಎಂಬವನು ಬಂಡಾಯಗಾರರ ಜೊತೆಗಿರುವವನು. ಬಂಡಾಯಗಾರರು ಗುಡಿಯಲ್ಲಿ ಬಂದೂಕು ಬಚ್ಚಿಡುತ್ತಾರೆ. ಸೈಲಾನರು ಗುಡಿಗೆ ನುಗ್ಗುತ್ತಾರೆ. ಸತ್ತವರಲ್ಲಿ ನೋರಾ ಒಬ್ಬಳು. ಆಮೇಲೆ ಗೆಳೆಯರಿಬ್ಬರೂ ತಮ್ಮ ತಮ್ಮ ದಾರಿ ಬದಲಿಸುತ್ತಾರೆ. ಬೇಡವೆಂದವನು ಬಂಡಾಯಕ್ಕೆ ಸೇರುತ್ತಾನೆ. ಬಂಡಾಯದಲ್ಲಿದ್ದ ಜ್ಯಾಮರನನ್ನು ಸೈಲಾನರು ಹಿಡಿದು ಕೂಡಿಸುತ್ತಾರೆ. ಅಲ್ಲಿ ಅವನಿಗೆ ಹೊಡೆತಕ್ಕಿಂತ ಕೆಟ್ಟದ್ದೊಂದು ಎದುರಾಗುತ್ತದೆ: ಮೆತ್ತಗಿನ ಮಾತು. ಇಂಥ ಸಾವುಗಳನ್ನು ತಪ್ಪಿಸುವುದು ನಿನ್ನ ಕೈಯಲ್ಲಿದೆ, ನಮಗೆ ನೆರವಾದರೆ ನಿನ್ನ ಜನವೇ ಉಳಿಯುತ್ತದೆ ಎಂಬ ಧಾಟಿಯ ಮಾತು. ನೋರಾಳ ಸಾವನ್ನು ಕಂಡುಬಂದವನಿಗೆ ಆ ಮಾತು ತಾಗುತ್ತದೆ.

ಇಷ್ಟು ಕಿರುಕಂತುಗಳಲ್ಲಿ. ಈಗ ದೊಡ್ಡ ಕಥೆಗೆ ಬನ್ನಿ. ಅಲ್ಲಿ ಡಕ್ ಮೈಗೆ ಸಿಡಿಮದ್ದು ಕಟ್ಟಿಕೊಂಡು ಪೊಲೀಸರ ಸಮಾರಂಭದಲ್ಲಿ ಸಾಯುತ್ತಾನೆ, ಕೊಲ್ಲುತ್ತಾನೆ. ಜ್ಯಾಮರ್ ಮುಸುಕಿನ ಪೊಲೀಸನಾಗಿರುತ್ತಾನೆ. ಒಮ್ಮೆ, ಗುಂಡಿಕ್ಕಲು ಒಯ್ದ ಜನರಲ್ಲಿ ಗೆಳೆಯನ ಹೆಂಡತಿ ಇರುವುದನ್ನು ಕಂಡು ಕಟ್ಟು ಬಿಚ್ಚಿ ಓಡಿಸುತ್ತಾನೆ. ಜನ ಆ ನೆಲ ಬಿಟ್ಟು ಮತ್ತೆ ಹಡಗು ಹತ್ತಿದ ಮೇಲೆ, ಶತ್ರುವಿಗೆ ನೆರವಾದವರನ್ನು ಹುಡುಕಿ ಶಿಕ್ಷಿಸಲು ಆರು ಮಂದಿಯ ಗುಪ್ತಕೂಟವೊಂದು ಏರ್ಪಡುತ್ತದೆ. ಅಕ್ಟೋಬರ್ 27ರಂದು ಬಂದ ಕಂತಿನ ಮೊದಲಲ್ಲಿಯೆ ಆ ಕೂಟದವರು ಜ್ಯಾಮರನನ್ನು ಹಡಗಿನಿಂದ ಶೂನ್ಯಕ್ಕೆ ನೂಕಿ ಕೊಲ್ಲುತ್ತಾರೆ. ನಿನ್ನ ಹೆಂಡತಿಯನ್ನು ನಾನೇ ಉಳಿಸಿದೆ ಎಂದು ಅವನು ಅಂಗಲಾಚಿದರೂ ಬಿಡುವುದಿಲ್ಲ.

ಇದನ್ನು ನನಗೆ ತೋರಿಸಿದವನು ಪುಣೆಯಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ನನ್ನ ಅಕ್ಕನ ಮಗ. ಅವನು ದೊಡ್ಡ ಕಥೆಯನ್ನೆಲ್ಲ ನೋಡಿ ಮುಗಿಸಿದ್ದ. ಕಿರುಕಂತುಗಳನ್ನು ‘ಅವೇನ ಜಾಹೀರಾತ’ ಎಂದು ಬಿಟ್ಟುಬಿಟ್ಟಿದ್ದ. ನನಗೆ ಸಮಯ ಕಡಿಮೆ, ವಯಸ್ಸಿನ ಕಣ್ಣು ಬೇರೆ. ಮೊದಲು ಚಿಕ್ಕದನ್ನು ನೋಡುತ್ತೇನೆಂದು ಅವನ್ನೇ ಹಿಡಿದೆ. ಹೀಗಾಗಿ ಜ್ಯಾಮರನ ಸಾವಿನ ದೃಶ್ಯ ಬಂದಾಗ ಒಂದೇ ಹಾಸಿಗೆಯ ಮೇಲೆ ಕುಳಿತ ಮಾವ ಅಳಿಯ ಎರಡು ಬೇರೆ ಕಥೆಗಳನ್ನು ನೋಡುತ್ತಿದ್ದೆವು.

“ದ್ರೋಹಿ ಇದ್ದಾನ ಮಾಮಾ. ಸರಿಯಾತು,” ಎಂದ ಅವನು.

“ಅಂವನ ಕಥಿ ನಿನಗೆಲ್ಲಿ ಗೊತ್ತೈತಿ?” ಎಂದೆ ನಾನು.

“ಕಥಿ ಎಲ್ಲಾರಿಗೂ ಇರ್ತೈತಿ ಬಿಡ್ರಿ ಮಾಮಾ. ಕಥಿ ಕೇಳ್ಕೋತ ಕೂತ್ರ ಯಾರಿಗೂ ಶಿಕ್ಷಾ ಕೊಡಾಕ ಆಗೂದಿಲ್ಲ.”

ಹುಡುಗನ ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನಮ್ಮಿಬ್ಬರ ಬುದ್ಧಿಯಲ್ಲಿ ಭೇದವಿರಲಿಲ್ಲ, ನೀತಿಯಲ್ಲಿ ಭೇದವಿರಲಿಲ್ಲ. ಭೇದವಿದ್ದುದು ಅರ್ಧ ತಾಸಿನದು. ಆ ಅರ್ಧ ತಾಸು ನೋಡಿದವನಿಗೆ ಕರುಣೆ, ನೋಡದವನಿಗೆ ಕೋಪ. ಹಾಗಾದರೆ ಕರುಣೆಯೆಂಬುದು ಬರಿಯ ಮಾಹಿತಿಯೆ? ಇನ್ನೂ ಅರ್ಧ ತಾಸು ಸಿಕ್ಕಿದ್ದರೆ ನಾನು ಆ ಮುಸುಕಿನ ಪೊಲೀಸನನ್ನು ಪೂಜಿಸಲು ತೊಡಗುತ್ತಿದ್ದೆನೆ? ಇದಲ್ಲದೆ ಇನ್ನೊಂದು ಸಂಶಯ: ಎಲ್ಲರ ಉಪಕಥೆಯನ್ನೂ ಕೇಳುವಷ್ಟು ಆಯುಷ್ಯ ಯಾವ ನ್ಯಾಯಾಧೀಶನಿಗಿದೆ?

ಎರಡು ವರ್ಷದ ಹಿಂದೆ ಒಂದು ಕಾಲೇಜಿನಲ್ಲಿ ನಡೆದುದನ್ನು ಇಲ್ಲಿ ಹೇಳುತ್ತೇನೆ. ಪರೀಕ್ಷೆಯಲ್ಲಿ ಒಬ್ಬ ಹುಡುಗ ಚೀಟಿಯೊಡನೆ ಸಿಕ್ಕಿಬಿದ್ದ. ವಿಚಾರಣೆಯ ಸಮಿತಿಯಲ್ಲಿ ನಾನೂ ಇದ್ದೆ. ಚೀಟಿ ಮೇಜಿನ ಮೇಲಿತ್ತು, ಅಕ್ಷರ ಅವನದೇ, ಅವನು ಒಪ್ಪಿಕೊಂಡೂ ಇದ್ದ. ಸಹಿ ಹಾಕಿ ಏಳುವ ಕೆಲಸ, ಐದು ನಿಮಿಷದ್ದು. ಅವನು ಹೇಳುವುದೇನಾದರೂ ಇದ್ದರೆ ಕೇಳೋಣವೆಂದು ನಾನು ಹಟ ಹಿಡಿದೆ. ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದ. ಟಿಕೋಟಾ ಕಡೆಯ ಹುಡುಗ. ಮನೆಯಲ್ಲಿ ನಾಲ್ಕು ಎಕರೆ ದ್ರಾಕ್ಷಿ. ನಮ್ಮ ಭಾಗದಲ್ಲಿ ಹಣ್ಣನ್ನು ಮಾರುವುದಕ್ಕಿಂತ ಶೆಡ್ಡಿನಲ್ಲಿ ಹರವಿ ಒಣದ್ರಾಕ್ಷಿ ಮಾಡುವವರೆ ಹೆಚ್ಚು; ಆ ಕೆಲಸದ ಕಾಲವೂ ಪರೀಕ್ಷೆಯ ಕಾಲವೂ ಒಂದರ ಮೈಮೇಲೊಂದು ಬೀಳುತ್ತವೆ. ಆ ವರ್ಷ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹೊಡೆದು ಹರವಿದ ಹಣ್ಣು ಕಪ್ಪಾಗತೊಡಗಿತ್ತು. ತಂದೆ ಸಾಲಗಾರರಿಗೆ ಮುಖ ತಪ್ಪಿಸಿ ಜತ್ತದ ನೆಂಟರ ಮನೆಗೆ ಹೋಗಿದ್ದ. ಹುಡುಗ ರಾತ್ರಿಯೆಲ್ಲ ಶೆಡ್ಡಿಗೆ ತಾಡಪತ್ರಿ ಕಟ್ಟುವುದು, ಬಿಚ್ಚುವುದು. ಬೆಳಗಿನ ಬಸ್ಸಿಗೆ ಪರೀಕ್ಷೆಗೆ ಬರುವುದು. ಇಷ್ಟು ಹೇಳಿ, “ಅದಕ್ಕ ನಕಲು ಮಾಡಿದೆ ಅಂತ ಹೇಳೂದಿಲ್ರಿ ಸರ್. ಮಾಡಿದ್ದ ತಪ್ಪೈತಿ. ನೀವು ಕೇಳಿದ್ರಿ, ಹೇಳಿದೆ,” ಎಂದ.

ಇಪ್ಪತ್ತು ನಿಮಿಷ ಹಿಡಿಯಿತು. ಶಿಕ್ಷೆ ನಿಯಮದಲ್ಲಿದ್ದದ್ದೆ ಆಯಿತು. ಒಂದು ಪತ್ರಿಕೆ ರದ್ದು. ನಾನೂ ಸಹಿ ಹಾಕಿದೆ. ಹೊರಗೆ ಬರುವಾಗ ಹಿರಿಯ ಸಹೋದ್ಯೋಗಿಯೊಬ್ಬರು, “ಇಷ್ಟೆಲ್ಲಾ ಕೇಳಿ ಏನ್ ಸಿಕ್ತ್ರಿ ನಿಮಗ? ಐದು ನಿಮಿಷದಾಗ ಆಗೂದು ಅಷ್ಟ ಇತ್ತು, ಇಪ್ಪತ್ತು ನಿಮಿಷದಾಗ ಆಗಿದ್ದೂ ಅಷ್ಟ,” ಎಂದು ನಕ್ಕರು. ಅವರು ಒಳ್ಳೆಯವರು, ಕುಹಕವಾಡಲಿಲ್ಲ. ಅದು ನಿಜವಾದ ಪ್ರಶ್ನೆ. ತೀರ್ಪು ಬದಲಾಗದಿದ್ದರೆ ಉಪಕಥೆಯನ್ನು ಕೇಳುವುದರಿಂದ ಏನು ಪ್ರಯೋಜನ?

ಈ ಪ್ರಶ್ನೆಯನ್ನು ತೂಗುವ ಮೊದಲು ನನ್ನ ಹುಟ್ಟೂರಿನ ಹೆಸರು ಹೇಳಬೇಕಾಗಿದೆ. ನನ್ನೂರು ಕಳ್ಳಕವಟಗಿ. ಬಿಜಾಪುರದಿಂದ ಪಡುವಣಕ್ಕೆ, ಟಿಕೋಟಾ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಮಗ್ಗುಲಲ್ಲಿದೆ. ಬಿಳಿಜೋಳದ ಹೊಲ, ದ್ರಾಕ್ಷಿಯ ತೋಟ, ನೀರಿಗಾಗಿ ನೆಲದೊಳಕ್ಕೆ ಇಳಿದಷ್ಟೂ ಇಳಿಯುವ ಕೊಳವೆಬಾವಿ. ಸುತ್ತಲಿನ ಊರುಗಳಿಗಿಂತ ಬೇರೆಯಾಗಿ ಹೇಳುವಂಥದು ಏನೂ ಇಲ್ಲ, ಹೆಸರೊಂದನ್ನು ಬಿಟ್ಟು. ಎಂ.ಎ. ಓದುವಾಗ ವಸತಿಗೃಹದಲ್ಲಿ ಹೊಸಬರ ಪರಿಚಯವಾಗುತ್ತಿದ್ದಾಗ ನನ್ನ ಸರದಿ ಬಂದೊಡನೆ ಒಂದು ನಗೆಯ ಅಲೆ. ಅಲ್ಲಿಂದ ಎರಡು ವರ್ಷ ಯಾರ ಬಕೆಟ್ಟು ಕಾಣೆಯಾದರೂ ಮೊದಲು ನನ್ನ ಕೋಣೆಯಲ್ಲಿ ಹುಡುಕುವುದೇ ಒಂದು ತಮಾಷೆ. ನಾನೂ ನಗುತ್ತಿದ್ದೆ. ಹೆಸರಿನ ಮೊದಲ ಎರಡು ಅಕ್ಷರ ಕೇಳಿಯೇ ಎಲ್ಲರಿಗೂ ಎಲ್ಲವೂ ತಿಳಿದುಹೋಗುತ್ತಿತ್ತು. ಯಾರು ಕದ್ದರು, ಏನು ಕದ್ದರು, ಕದ್ದರೋ ಇಲ್ಲವೋ, ಆ ‘ಕಳ್ಳ’ವು ಕಳ್ಳನದೋ ಕಳ್ಳಿಗಿಡದ್ದೋ ಎಂದು ನಿಂತು ಕೇಳಿದವರನ್ನು ನಾನು ಕಂಡಿಲ್ಲ.

ವ್ಯಾಕರಣ ಕಲಿಸುವವನಿಗೆ ಇದರಲ್ಲಿ ಒಂದು ಸೂಕ್ಷ್ಮ ಕಾಣುತ್ತದೆ. ‘ಕದ್ದನು’ ಎಂಬುದು ಕ್ರಿಯಾಪದ. ಅದಕ್ಕೆ ಕಾಲವುಂಟು, ಭೂತಕಾಲ. ಕದ್ದನು ಎಂದೊಡನೆ, ಯಾವಾಗ, ಎಲ್ಲಿ, ಏಕೆ ಎಂಬ ಪ್ರಶ್ನೆಗಳು ತಾವಾಗಿ ಏಳುತ್ತವೆ. ಇಂದು ಕದ್ದವನು ನಾಳೆ ಕದಿಯದೆಯೂ ಇರಬಹುದು ಎಂಬ ಎಡೆಯೂ ಆ ಪದದಲ್ಲಿದೆ. ‘ಕಳ್ಳ’ ಎಂಬುದು ನಾಮಪದ. ಅದಕ್ಕೆ ಕಾಲವೇ ಇಲ್ಲ. ನಿನ್ನೆಯೂ ಕಳ್ಳ, ಇಂದೂ ಕಳ್ಳ, ನಿದ್ದೆ ಮಾಡುವಾಗಲೂ ಕಳ್ಳ. ‘ದ್ರೋಹ ಮಾಡಿದನು’ ಎಂಬುದಕ್ಕೂ ‘ದ್ರೋಹಿ’ ಎಂಬುದಕ್ಕೂ ಇರುವ ಅಂತರ ಇದೇ. ನ್ಯಾಯಾಲಯಕ್ಕೆ ಬೇಕಾದುದು ಕ್ರಿಯಾಪದ. ಓಣಿಗೆ ಬೇಕಾದುದು ನಾಮಪದ. ಉಪಕಥೆ ಮಾಡುವ ಕೆಲಸವೆಂದರೆ ನಾಮಪದವನ್ನು ಬಿಚ್ಚಿ ಮತ್ತೆ ಕ್ರಿಯಾಪದ ಮಾಡುವುದು. ಅದು ಶಿಕ್ಷೆಯನ್ನು ತಪ್ಪಿಸಬೇಕಾದುದಿಲ್ಲ. ನಮ್ಮ ಸಮಿತಿಯ ಹಾಳೆಯ ಮೇಲೆ ‘ಚೀಟಿ ಇಟ್ಟುಕೊಂಡಿದ್ದನು’ ಎಂಬ ವಾಕ್ಯವೇ ಉಳಿಯಿತು. ಆದರೆ ಆ ಇಪ್ಪತ್ತು ನಿಮಿಷ ಕೇಳಿದ ಐದು ಮಂದಿ ಅಧ್ಯಾಪಕರಲ್ಲಿ ಯಾರೂ ಮುಂದಿನ ವರ್ಷ ಅವನನ್ನು ‘ಆ ನಕಲು ಹುಡುಗ’ ಎಂದು ಕರೆಯಲಿಲ್ಲ. ಹೆಸರು ಹಿಡಿದು ಕರೆದರು. ಸಹೋದ್ಯೋಗಿಗಳ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ. ಅಂದು ಮೆಟ್ಟಿಲು ಇಳಿಯುತ್ತ ಹೇಳುವಷ್ಟು ಚಿಕ್ಕದಾಗಿರಲಿಲ್ಲವಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಳೆಯ ಕವಿಗಳಿಗೆ ಇದು ಗೊತ್ತಿತ್ತು. ನಾಗಚಂದ್ರನು ನಮ್ಮ ವಿಜಯಪುರದಲ್ಲಿ ಮಲ್ಲಿಜಿನಾಲಯವನ್ನು ಕಟ್ಟಿಸಿದನೆಂದು ಕವಿಚರಿತೆ ಹೇಳುತ್ತದೆ. ಆ ನಂಟಿನಿಂದ ಅವನನ್ನು ನಾವು ಬಿಜಾಪುರದವರು ನಮ್ಮವನೆಂದು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇವೆ. ಅವನ ರಾಮಚಂದ್ರಚರಿತಪುರಾಣದಲ್ಲಿ ರಾವಣನು ಸೀತೆಯ ಅಚಲವಾದ ಶೀಲವನ್ನು ಕಂಡು ಮನಸ್ಸು ತಿರುಗಿದವನು. ಅವಳನ್ನು ಒಪ್ಪಿಸಿಬಿಡಬೇಕೆಂದು ನಿಶ್ಚಯಿಸಿದವನು. ಆದರೆ ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಹಿಡಿದು ತಂದು ಆಮೇಲೆ ಒಪ್ಪಿಸಬೇಕು, ಇಲ್ಲವಾದರೆ ಹೇಡಿಯೆಂದಾರು ಎಂಬ ಮಾನದ ಬಿಗುವು ಬಿಡಲಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ಗ್ರೀಕರ ದುರಂತನಾಯಕನನ್ನು ಕಂಡು ಬರೆದುದು ಕನ್ನಡ ಓದಿದವರಿಗೆಲ್ಲ ತಿಳಿದಿದೆ. ಇಷ್ಟೆಲ್ಲ ಹೇಳಿದ ನಾಗಚಂದ್ರ ರಾವಣನನ್ನು ಉಳಿಸಿದನೆ? ಇಲ್ಲ. ಲಕ್ಷ್ಮಣನ ಕೈಯಲ್ಲಿ ಅವನು ಸಾಯಲೇಬೇಕು, ಸಾಯುತ್ತಾನೆ. ಕವಿ ಯುದ್ಧದ ಫಲವನ್ನು ಮುಟ್ಟಲಿಲ್ಲ. ನಾವು ಆ ಹೆಣದ ಮುಂದೆ ಹೇಗೆ ನಿಲ್ಲುತ್ತೇವೆ ಎಂಬುದನ್ನು ಮಾತ್ರ ಬದಲಿಸಿದ.

ಇಲ್ಲಿಗೆ ನಿಲ್ಲಿಸಿಬಿಟ್ಟಿದ್ದರೆ ಉಪಕಥೆ ಕೇಳಿದವರೆಲ್ಲ ಕರುಣಾಳುಗಳಾಗುತ್ತಾರೆಂಬ ಸವಿಯಾದ ತತ್ತ್ವವೊಂದು ಸಿದ್ಧವಾಗುತ್ತಿತ್ತು. ಆದರೆ ಆ ಧಾರಾವಾಹಿಯವರೇ ಅದನ್ನು ಮುರಿದರು. ಜ್ಯಾಮರನನ್ನು ಕೊಂದ ಅದೇ ಕೂಟದ ಮುಂದೆ ಗೇಟಾ ಎಂಬ ಇನ್ನೊಬ್ಬನೂ ಬರುತ್ತಾನೆ. ಶತ್ರುಗಳ ಕಾಲದಲ್ಲಿ ಅಧ್ಯಕ್ಷನ ಕಚೇರಿಯಲ್ಲಿ ಕೆಲಸ ಮಾಡಿದವನು. ಕೊನೆಯ ಕ್ಷಣದಲ್ಲಿ, ಬಂಡಾಯಗಾರರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿದ್ದವನು ಇವನೇ ಎಂದು ತಿಳಿದು ಬಿಟ್ಟುಬಿಡುತ್ತಾರೆ. ನೋಡುವವರು ನಿಟ್ಟುಸಿರು ಬಿಡುತ್ತಾರೆ, ನಾನೂ ಬಿಟ್ಟೆ. ಎರಡು ವರ್ಷದ ಮೇಲೆ, 2008ರ ಡಿಸೆಂಬರ್ 12ರಿಂದ 2009ರ ಜನವರಿ 12ರವರೆಗೆ, ‘ದಿ ಫೇಸ್ ಆಫ್ ದಿ ಎನಿಮಿ’ ಎಂಬ ಇನ್ನೊಂದು ಹತ್ತು ಕಿರುಕಂತುಗಳ ಮಾಲೆ ಬಂತು. ಬರೆದವರು ಜೇನ್ ಎಸ್ಪೆನ್ಸನ್ ಮತ್ತು ಶೇಮಸ್ ಕೆವಿನ್ ಫಾಹೆ. ಗೇಟಾ ಒಂದು ಸಣ್ಣ ನೌಕೆಯಲ್ಲಿ ಕೆಲವರೊಡನೆ ದಾರಿತಪ್ಪಿ ಸಿಕ್ಕಿಕೊಂಡಿದ್ದಾನೆ. ಉಸಿರಾಡುವ ಗಾಳಿ ತೀರುತ್ತ ಬಂದಿದೆ. ಆ ಇಕ್ಕಟ್ಟಿನಲ್ಲಿ ಹಳೆಯದೊಂದು ಹೊರಗೆ ಬರುತ್ತದೆ. ಆಕ್ರಮಣದ ಕಾಲದಲ್ಲಿ ಅವನು ಒಬ್ಬ ಸೈಲಾನ್ ಹೆಣ್ಣನ್ನು ನಂಬಿ, ಬಿಡಿಸಬೇಕಾದ ಸೆರೆಯಾಳುಗಳ ಹೆಸರಿನ ಪಟ್ಟಿಗಳನ್ನು ಅವಳ ಕೈಗೆ ಕೊಡುತ್ತಿದ್ದ. ಆ ಹೆಸರಿನವರನ್ನೆಲ್ಲ ಅವಳು ಕೊಲ್ಲಿಸಿದ್ದಳು.

ಜ್ಯಾಮರನ ಉಪಕಥೆ ಶಿಕ್ಷೆಗೊಳಗಾದವನ ಮೇಲಿನ ಕೋಪವನ್ನು ತಗ್ಗಿಸಿತು. ಗೇಟಾನ ಉಪಕಥೆ ಬಿಡುಗಡೆಯಾದವನ ಬಿಡುಗಡೆಯನ್ನೇ ಕಹಿ ಮಾಡಿತು. ಒಳ್ಳೆಯ ಉದ್ದೇಶದಿಂದ ಕೊಟ್ಟ ಪಟ್ಟಿ ಸಾವಿನ ಪಟ್ಟಿಯಾಯಿತು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲವೆ, ಗೊತ್ತುಮಾಡಿಕೊಳ್ಳಬಾರದೆಂದು ಕಣ್ಣು ಮುಚ್ಚಿದ್ದನೆ ಎಂಬ ಸಂಶಯ ನೋಡುವವನನ್ನು ಬಿಡುವುದಿಲ್ಲ. ಆದುದರಿಂದ ಉಪಕಥೆ ಕರುಣೆಯ ಮದ್ದು ಎಂಬ ನಂಬಿಕೆಯನ್ನು ನಾನು ಕೈಬಿಡಬೇಕಾಯಿತು. ಅದು ಕೊಡುವುದು ಕರುಣೆಯನ್ನಲ್ಲ, ಭಾರವನ್ನು. ಕೇಳುವ ಮೊದಲು ತೀರ್ಪು ಹಗುರಾಗಿತ್ತು, ಖಂಡನೆಯಾಗಲಿ ಬಿಡುಗಡೆಯಾಗಲಿ. ಕೇಳಿದ ಮೇಲೆ ಎರಡೂ ತೂಕವಾದವು. ನ್ಯಾಯ ಹೇಳುವವನಿಗೆ ಆ ತೂಕ ಇರಲೇಬೇಕೆಂದು ನನ್ನ ಅಭಿಪ್ರಾಯ. ಅಳಿಯನ ಆಕ್ಷೇಪಕ್ಕೂ ಇಲ್ಲಿ ಉತ್ತರದ ಎಳೆಯೊಂದಿದೆ: ಎಲ್ಲರ ಕಥೆಯನ್ನೂ ಕೇಳುವಷ್ಟು ಆಯುಷ್ಯವಿಲ್ಲ, ನಿಜ. ಆದರೆ ಯಾರನ್ನು ನೂಕಲು ಬಾಗಿಲ ಬಳಿ ನಿಲ್ಲಿಸಿಕೊಂಡಿದ್ದೇವೆಯೋ ಅವನದಾದರೂ ಕೇಳಬೇಕು. ನ್ಯೂ ಕ್ಯಾಪ್ರಿಕಾದ ಮೇಲಿದ್ದವರೆಲ್ಲರ ಕಥೆ ಬೇಡ, ಶಿಕ್ಷಿಸಹೊರಟವನ ಕಥೆ ಸಾಕು. ಅದಕ್ಕೂ ಪುರಸತ್ತಿಲ್ಲದವನಿಗೆ ಶಿಕ್ಷಿಸುವ ಪುರಸತ್ತು ಮಾತ್ರ ಎಲ್ಲಿಂದ ಬಂತು?

ಈ ಕಿರುಕಂತುಗಳ ಹುಟ್ಟಿನ ಸುತ್ತ ನಡೆದ ಇನ್ನೊಂದು ಜಗಳವನ್ನೂ ಹೇಳದೆ ಬಿಡಲಾರೆ. 2006ರಲ್ಲಿ ಒಡೆತನದ ಸಂಸ್ಥೆಯಾದ ಎನ್‌ಬಿಸಿ ಯೂನಿವರ್ಸಲ್, ಇವು ಪ್ರಚಾರದ ಸಾಮಗ್ರಿ, ಧಾರಾವಾಹಿಯ ಭಾಗವಲ್ಲ, ಆದುದರಿಂದ ಬರೆದವರಿಗೆ ಮುಂದಿನ ಪ್ರದರ್ಶನಗಳ ಪಾಲು ಕೊಡುವ ಬಾಧ್ಯತೆ ತನಗಿಲ್ಲವೆಂದಿತು. ಹೆಸರು ಹಾಕುವುದರಲ್ಲಿಯೂ ತಕರಾರಾಯಿತು. ಮೂರ್ ಅವರು ಇವು ಜಾಹೀರಾತಲ್ಲ, ಕಥೆಯೆಂದು ವಾದಿಸಿ ನಿಂತರು. ಅಂತರ್ಜಾಲದ ಬರವಣಿಗೆಗೆ ಕೂಲಿಯೆಷ್ಟು ಎಂಬ ಈ ವಿವಾದ ಇಲ್ಲಿಗೇ ನಿಲ್ಲಲಿಲ್ಲ. 2007ರ ನವೆಂಬರ್ 5ರಿಂದ 2008ರ ಫೆಬ್ರುವರಿ 12ರವರೆಗೆ ಅಮೆರಿಕದ ಚಿತ್ರ ಮತ್ತು ದೂರದರ್ಶನ ಬರಹಗಾರರು ನೂರು ದಿನ ಲೇಖನಿ ಕೆಳಗಿಟ್ಟುದಕ್ಕೆ ಅದು ಮುಖ್ಯ ಕಾರಣಗಳಲ್ಲೊಂದಾಯಿತು.

ನಮ್ಮ ಕಡೆಯ ಶ್ರೀಕೃಷ್ಣಪಾರಿಜಾತವನ್ನು ನೋಡಿದವರು ಈ ಜಗಳವನ್ನು ಕೇಳಿ ನಗುತ್ತಾರೆ. ಸತ್ಯಭಾಮೆ ರುಕ್ಮಿಣಿಯರ ಹೂವಿನ ಜಗಳಕ್ಕೂ ಮೊಸರು ಮಾರುವ ಗೊಲ್ಲತಿಗೂ ಏನು ಸಂಬಂಧ? ಆದರೂ ಆಟದ ಮೊದಲಿಗೆ ಗೊಲ್ಲತಿ ಬರಬೇಕು, ಭಾಗವತನೊಡನೆ ವಾದ ಹೂಡಬೇಕು, ಜನರನ್ನು ನಗಿಸಿ ಹಿಡಿದು ಕೂಡಿಸಬೇಕು. ಮುಖ್ಯ ಕಥೆಗೆ ಜನರನ್ನು ಕರೆತರುವವಳು ಅವಳು. ಈ ಅರ್ಥದಲ್ಲಿ ಅವಳೂ ‘ಪ್ರಚಾರ’ವೆ. ಹಾಗೆಂದು ಮುಂಜಾನೆ ಪಾಲು ಹಂಚುವಾಗ, “ನೀನು ಕಥಿಯಾಗ ಇಲ್ಲ, ನಿನಗ ಪಾಲಿಲ್ಲ,” ಎಂದು ಗೊಲ್ಲತಿಯ ವೇಷದವಳಿಗೆ ಹೇಳುವ ಧೈರ್ಯ ಯಾವ ಮೇಳದ ಯಜಮಾನನಿಗಿದೆ? ಗಮನಿಸಬೇಕಾದುದೆಂದರೆ, ಇಲ್ಲಿಯೂ ಆಟ ನಾಮಪದದ್ದೆ. ಇಬ್ಬರು ಕುಳಿತು ಒಬ್ಬ ಮನುಷ್ಯನ ಪತನವನ್ನು ಬರೆದರು ಎಂಬುದು ಕ್ರಿಯೆ. ಅದರ ಮೇಲೆ ‘ಪ್ರಚಾರ’ ಎಂಬ ಹೆಸರಿನ ಚೀಟಿ ಅಂಟಿಸಿದೊಡನೆ ಆ ಕ್ರಿಯೆಯೂ ಇಲ್ಲ, ಕೂಲಿಯೂ ಇಲ್ಲ. ಜ್ಯಾಮರನಿಗೆ ಆದುದೇ ಜ್ಯಾಮರನನ್ನು ಬರೆದವರಿಗೂ ಆಯಿತೆಂದರೆ ಅತಿಯಾದೀತು; ಒಬ್ಬನ ಪ್ರಾಣ ಹೋಯಿತು, ಇನ್ನೊಬ್ಬರದು ಹಣದ ಮಾತು. ಆದರೂ ಎರಡೂ ಕಡೆ, ಕೇಳದೆ ಹೆಸರಿಟ್ಟವರಿಗೆ ಲಾಭವೇ ಆಯಿತೆಂಬುದು ನಿಜ.

ಇದೆಲ್ಲವನ್ನೂ ಕಳೆದ ವರ್ಷ ಎಂ.ಎ. ತರಗತಿಯಲ್ಲಿ, ನಾಗಚಂದ್ರನ ರಾವಣನನ್ನು ಪಾಠಮಾಡುವಾಗ ಹೇಳಿದೆ. ಹುಡುಗರಿಗೆ ರಾವಣನಿಗಿಂತ ಜ್ಯಾಮರನೇ ಹಿಡಿಸಿದ. ಎಲ್ಲರೂ ಹೌದು ಹೌದು ಎನ್ನುತ್ತಿರುವಾಗ ಕಿಟಕಿಯ ಬದಿಗೆ ಕುಳಿತ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಮಾತು ಕಡಿಮೆಯ ಹುಡುಗಿ.

“ಸರ್, ಕದ್ದಾಂವಗ ಕಥಿ ಐತಿ. ದ್ರೋಹ ಮಾಡಿದಾಂವಗ ಕಥಿ ಐತಿ. ಸತ್ತಾಕಿ ಕಥಿ ಯಾರು ಹೇಳ್ಯಾರ್ರಿ?”

ತರಗತಿ ಸುಮ್ಮನಾಯಿತು. ಅವಳು ಹೇಳಿದುದು ನಿಜ. ಹತ್ತು ಕಂತಿನಲ್ಲಿ ನೋರಾ ಇದ್ದಾಳೆ. ಆದರೆ ಅವಳು ಇರುವುದು ಸಾಯುವುದಕ್ಕೆ, ಸತ್ತು ಗಂಡನನ್ನು ಬಂಡಾಯಕ್ಕೆ ಕಳಿಸುವುದಕ್ಕೆ. ದೊಡ್ಡ ಕಥೆಯಲ್ಲಿ ಅವಳ ಪಾಲಿಗೆ ಅಷ್ಟೂ ಇಲ್ಲ. ಗೇಟಾನ ಪಟ್ಟಿಯಲ್ಲಿದ್ದವರಂತೂ ಬರಿಯ ಹೆಸರುಗಳು. ಅಪರಾಧ ಮಾಡಿದವನ ಅಂತರಂಗಕ್ಕೆ ಇಳಿಯುವುದರಲ್ಲಿ ಕಥೆಗಾರರಿಗೆ ಒಂದು ರುಚಿಯಿದೆ: ಅಲ್ಲಿ ತಿರುವುಂಟು, ತುಯ್ದಾಟವುಂಟು. ಸತ್ತವರಲ್ಲಿ ತುಯ್ದಾಟವೇನು? ಅವರು ಸುಮ್ಮನೆ ಸತ್ತಿದ್ದಾರೆ. ಹೀಗೆ ಉಪಕಥೆಗಳು ಹೆಚ್ಚಿದಂತೆಲ್ಲ ಕೊಂದವನು ಹತ್ತಿರದವನಾಗುತ್ತಾನೆ, ಸತ್ತವಳು ಇನ್ನೂ ದೂರ ಹೋಗುತ್ತಾಳೆ. ನೊಂದವರ ಮನೆಗೆ ಹೋಗಿ, ‘ಅವನ ಕಥೆಯನ್ನೂ ಸ್ವಲ್ಪ ಕೇಳಿರಿ’ ಎಂದು ಹೇಳುವ ಅಧಿಕಾರ ನಮಗಿದೆಯೆ? ನನ್ನ ಮಟ್ಟಿಗೆ, ಇಲ್ಲ. ಶಿಕ್ಷಿಸುವವನು ಕೇಳಬೇಕು, ನೋಡುತ್ತ ನಿಂತ ನಾವು ಕೇಳಬೇಕು. ನೊಂದವರು ಕಿವಿ ಮುಚ್ಚಿಕೊಂಡರೆ ಅದು ಅವರ ಹಕ್ಕು. ಡಕ್ ಬದುಕಿದ್ದು, ಜ್ಯಾಮರನ ಕಥೆ ನನಗೆ ಬೇಡವೆಂದಿದ್ದರೆ ಅವನನ್ನು ಕಲ್ಲೆದೆಯವನೆನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಕ್ಷಮೆಯನ್ನು ಸರ್ಕಾರ ಕೊಡಬಹುದು. ಆ ಧಾರಾವಾಹಿಯಲ್ಲಿಯೂ ಹೊಸ ಅಧ್ಯಕ್ಷೆ ರಾಸ್ಲಿನ್ ಅಧಿಕಾರಕ್ಕೆ ಬಂದೊಡನೆ ಎಲ್ಲರಿಗೂ ಕ್ಷಮೆ ಸಾರಿ ಗುಪ್ತಕೂಟದ ಬಾಗಿಲು ಮುಚ್ಚಿಸುತ್ತಾಳೆ. ಆಳುವವಳಾಗಿ ಅವಳು ಮಾಡಿದ್ದು ಸರಿಯೆಂದೇ ನನಗೆ ತೋರುತ್ತದೆ. ಆದರೆ ಆ ಸಾರೋಣ ಕೇಳಿ ಗುಡಾರದಲ್ಲಿ ಕುಳಿತ ತಾಯಿಯೊಬ್ಬಳು ಕ್ಷಮಿಸಲೇಬೇಕೆಂದು ಯಾವ ಶಾಸನವೂ ಹೇಳಲಾರದು.

ಹುಡುಗಿಗೆ ಇಷ್ಟನ್ನು ಹೇಳಿದೆ. ಅವಳಿಗೆ ಅದು ಸಾಲದೆಂದು ಮುಖವೇ ಹೇಳುತ್ತಿತ್ತು. “ಹಂಗಾರ ನೀನ ಬರಿಯವಾ, ಸತ್ತಾಕಿ ಕಥಿ,” ಎಂದೆ. ಹದಿನೈದು ದಿನದ ಮೇಲೆ ಎರಡು ಪುಟ ಬರೆದು ತಂದಳು. ಗೇಟಾನ ಪಟ್ಟಿಯಲ್ಲಿ ಹೆಸರಿದ್ದ ಒಬ್ಬ ಹೆಂಗಸಿನ ಕಥೆ. ಸೆರೆಯಲ್ಲಿ ಕುಳಿತ ಅವಳು, ಯಾರೋ ಪುಣ್ಯಾತ್ಮ ತನ್ನ ಹೆಸರು ಬರೆದುಕೊಟ್ಟಿದ್ದಾನೆ, ಇನ್ನೇನು ಮನೆಗೆ ಹೋಗುತ್ತೇನೆ ಎಂದು, ಕೂದಲು ಬಾಚಿಕೊಳ್ಳುತ್ತಿರುತ್ತಾಳೆ. ಹುಡುಗಿ ಅವಳಿಗೆ ತನ್ನ ಅಜ್ಜಿಯ ಹೆಸರಿಟ್ಟಿದ್ದಳು. ಎರಡು ಪುಟಕ್ಕೆ ನಿಂತಿತ್ತು. ಮುಂದೆ ಯಾಕೆ ಬರೆಯಲಿಲ್ಲವೆಂದು ಕೇಳಿದೆ.

“ಇನ್ನಾ ಬಾಗಲಾ ತಗದಿಲ್ರಿ ಸರ್,” ಎಂದಳು.